ಒಲೆಯ ಹೊಗೆ, ಉಸಿರಿನ ಕಾಯಿಲೆ ಮತ್ತು ಸಾಮೂಹಿಕ ಸಮಾಲೋಚನೆ

ಅಡಿಕೆ ಕೊಯ್ಲು ಆರಂಭವಾಯಿತೆಂದರೆ ಸೊರಬ, ಶಿಕಾರಿಪುರ ಸೀಮೆಯ ಅಂಗಳಗಳಲ್ಲಿ ಅಡಿಕೆ ಬೇಯಿಸುವ ಒಲೆಗಳು ಹೊತ್ತಿಕೊಳ್ಳುತ್ತವೆ. ಬಚ್ಚಲಿನ ಹಂಡೆಯ ಒಲೆ ವರ್ಷವಿಡೀ ಉರಿಯುವುದು ಬೇರೆ. ಅಡುಗೆಗೆ ಗ್ಯಾಸ್ ಬಂದರೂ ಸ್ನಾನದ ನೀರಿಗೆ ಸೌದೆಯೇ ಆಗಬೇಕೆನ್ನುವ ಮನೆಗಳು ಕಡಿಮೆಯಿಲ್ಲ. ಈ ಒಲೆಗಳ ಮುಂದೆ ಆಯುಷ್ಯ ಸವೆಸಿದ ತಾಯಂದಿರ ಕೆಮ್ಮನ್ನು ನಾವು ವಯಸ್ಸಿನ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಬೀಡಿ ಮುಟ್ಟದವರಿಗೆ ಶ್ವಾಸಕೋಶದ ಕಾಯಿಲೆ ಬಾರದೆಂಬ ನಂಬಿಕೆಯೂ ಗಟ್ಟಿಯಾಗಿದೆ. ಅದು ತಪ್ಪು.

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಗ್ರಾಮೀಣ ಮಹಿಳೆಯರನ್ನು ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಳವಾದ ಲೆಕ್ಕವೊಂದಿದೆ. ದಿನಕ್ಕೆ ಎಷ್ಟು ಗಂಟೆ ಸೌದೆಯ ಒಲೆಯಲ್ಲಿ ಅಡುಗೆ ಮಾಡಿದರು, ಎಷ್ಟು ವರ್ಷ ಮಾಡಿದರು ಎಂಬೆರಡನ್ನು ಗುಣಿಸಬೇಕು. ಅದು 60 ಮುಟ್ಟಿದರೆ ಶ್ವಾಸನಾಳಗಳ ದೀರ್ಘಕಾಲದ ಉರಿಯೂತದ ಅಪಾಯ ಗಣನೀಯವಾಗಿ ಏರುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷವಾದರೆ 60 ಆಯಿತು. 18ರ ಹರೆಯದಲ್ಲಿ ಒಲೆಯ ಮುಂದೆ ಕುಳಿತ ಸೊಸೆ ನಲವತ್ತರೊಳಗೇ ಆ ಗೆರೆಯನ್ನು ಮುಟ್ಟುತ್ತಾಳೆ. ಸದ್ಭಕ್ತರು ತಮ್ಮ ಮನೆಯ ಹಿರಿಯರ ಲೆಕ್ಕವನ್ನು ಈಗಲೇ ಹಾಕಿ ನೋಡಬಹುದು.

ಸಿಒಪಿಡಿ ಎಂದು ವೈದ್ಯರು ಕರೆಯುವ ಈ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಪೂರ್ಣವಾಗಿ ಗುಣವಾಗದು; ಹಿಡಿತದಲ್ಲಿಡಬಹುದು. ಅದಕ್ಕೆ ಬೇಕಾದದ್ದು ನಿತ್ಯದ ಅಭ್ಯಾಸ. ಹೊರರೋಗಿಗಳ ಸಾಲಿನಲ್ಲಿ ದೊರೆಯುವ ಕೆಲವೇ ನಿಮಿಷಗಳಲ್ಲಿ ಅದನ್ನು ಕಲಿಸುವುದು ಯಾವ ವೈದ್ಯರಿಗೂ ಕಷ್ಟ.

ಇದಕ್ಕೊಂದು ದಾರಿ ಸಾಮೂಹಿಕ ಸಮಾಲೋಚನೆ. ಒಂದೇ ಕಾಯಿಲೆಯ ಕೆಲವರನ್ನು ವೈದ್ಯರು ಒಟ್ಟಿಗೆ ಕೂರಿಸಿ, ಒಬ್ಬೊಬ್ಬರನ್ನೇ ಎಲ್ಲರೆದುರು ವಿಚಾರಿಸುತ್ತಾರೆ. ಅಮೆರಿಕದಲ್ಲಿ 1996ರಲ್ಲಿ ಎಡ್ವರ್ಡ್ ನಾಫ್‌ಸಿಂಗರ್ ಎಂಬ ಮನಃಶಾಸ್ತ್ರಜ್ಞರು ಇದರ ಒಂದು ಬಗೆಯನ್ನು ರೂಪಿಸಿದರು. ನಮ್ಮ ನೆರೆಯ ಪುದುಚೇರಿಯ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ಗ್ಲಾಕೋಮಾದ 1000 ರೋಗಿಗಳೊಂದಿಗೆ ಇದನ್ನು ಪರೀಕ್ಷಿಸಲಾಯಿತು. ಗುಂಪಿನಲ್ಲಿ ಕುಳಿತವರು ಕಾಯಿಲೆಯನ್ನು ಹೆಚ್ಚು ತಿಳಿದುಕೊಂಡರು, ಔಷಧವನ್ನೂ ಹೆಚ್ಚು ಕ್ರಮವಾಗಿ ಬಳಸಿದರು.

ಕಣ್ಣಿಗಿಂತಲೂ ಉಸಿರಿನ ಕಾಯಿಲೆಗೆ ಈ ಕ್ರಮ ಹೆಚ್ಚು ಒಗ್ಗೀತೆಂದು ನನಗೆ ತೋರುತ್ತದೆ. ಇನ್‌ಹೇಲರ್ ಬಳಕೆ ಹೇಳಿಸಿಕೊಂಡು ಬರುವ ವಿದ್ಯೆಯಲ್ಲ, ನೋಡಿ ಕಲಿಯುವಂಥದು. ಮೊದಲು ಉಸಿರನ್ನು ಪೂರ್ತಿ ಹೊರಬಿಡಬೇಕು. ಒತ್ತುವುದೂ ನಿಧಾನವಾಗಿ ಒಳಗೆಳೆಯುವುದೂ ಜೊತೆಯಾಗಬೇಕು. ಬಳಿಕ ಸಾಧ್ಯವಾದರೆ 10 ಸೆಕೆಂಡು ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಬೇಕು. ಒಬ್ಬರ ತಪ್ಪನ್ನು ತಿದ್ದುವಾಗ ಉಳಿದವರೂ ತಿದ್ದಿಕೊಳ್ಳುತ್ತಾರೆ. "ಪಂಪು ಹಿಡಿದರೆ ಮತ್ತೆ ಬಿಡಲಾಗದು" ಎಂಬ ಅಂಜಿಕೆಯನ್ನು ವೈದ್ಯರ ಹತ್ತು ಮಾತಿಗಿಂತ, ಅದನ್ನು ಬಳಸಿ ಮತ್ತೆ ತೋಟಕ್ಕೆ ನಡೆದು ಹೋಗುತ್ತಿರುವ ಪಕ್ಕದೂರಿನ ಅಕ್ಕನ ಒಂದು ಮಾತು ಬೇಗ ಕಳೆಯಬಲ್ಲದು. ಮನೆಯಲ್ಲಿ ಕೆಮ್ಮನ್ನು ಸೆರಗಿನಲ್ಲಿ ಅಡಗಿಸುವ ಹೆಣ್ಣುಮಕ್ಕಳು ತಮ್ಮಂಥವರ ನಡುವೆ ಬಾಯಿ ಬಿಡುತ್ತಾರೆ.

ಎರಡು ಎಚ್ಚರಗಳು ಬೇಕು. ಎರಡು ವಾರ ಮೀರಿದ ಕೆಮ್ಮಿದ್ದರೆ ಮೊದಲು ಕ್ಷಯದ ಕಫ ಪರೀಕ್ಷೆಯಾಗಲಿ, ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಆ ಬಳಿಕವೇ ಗುಂಪು. ಎಲ್ಲರೆದುರು ಹೇಳಲಾಗದ ಮಾತಿಗೆ ವೈದ್ಯರು ಪ್ರತ್ಯೇಕ ಸಮಯ ಕೊಡಬೇಕು.

ತಾಲ್ಲೂಕು ಆಸ್ಪತ್ರೆಗೆ ಹೋಗುವಾಗ ಬಳಸುತ್ತಿರುವ ಇನ್‌ಹೇಲರನ್ನೂ ಹಳೆಯ ಚೀಟಿಗಳನ್ನೂ ಒಯ್ದು, ನಾಲ್ಕೈದು ಜನ ಒಂದೇ ದಿನ ಬರಬಹುದೇ ಎಂದು ವೈದ್ಯರನ್ನು ವಿನಂತಿಸಿ ನೋಡಬಹುದು. ಆದರೆ ತುಟಿ ನೀಲಿಗಟ್ಟಿದರೆ, ಏದುಸಿರಿನಿಂದ ಒಂದು ವಾಕ್ಯವನ್ನೂ ಪೂರೈಸಲಾಗದಿದ್ದರೆ ಯಾವ ದಿನಕ್ಕೂ ಕಾಯದೆ 108ಕ್ಕೆ ಕರೆ ಮಾಡಬೇಕು.