ಹನಿಮೂನಿಗೆ ಊರು ಮುಖ್ಯವೋ, ಕೋಣೆ ಮುಖ್ಯವೋ?

ನನ್ನ ಅಕ್ಕನ ಮಗಳ ನಿಕಾಹ್‌ಗೆ ಇನ್ನು ಹದಿನೈದು ದಿನವಿತ್ತು. ಚಾಮರಾಜಪೇಟೆಯ ಅಕ್ಕನ ಮನೆಯಲ್ಲಿ ಕುಳಿತು ನಾವೆಲ್ಲ ಆಮಂತ್ರಣ ಪತ್ರಗಳ ಮೇಲೆ ಹೆಸರು ಬರೆಯುತ್ತಿದ್ದೆವು. ಹುಡುಗಿ ಮೆಲ್ಲನೆ ನನ್ನ ಪಕ್ಕಕ್ಕೆ ಸರಿದು ಮೊಬೈಲ್ ತೋರಿಸಿದಳು. ನೀಲಿ ಸಮುದ್ರ, ಅದರ ಮೇಲೆ ಕಡಿದಾದ ಬಂಡೆ, ಬಂಡೆಗೆ ಅಂಟಿಕೊಂಡಂತೆ ಸುಣ್ಣ ಬಳಿದ ಬಿಳಿ ಮನೆಗಳು. ಗ್ರೀಸ್ ದೇಶದ ಸಾಂಟೋರಿನಿ ದ್ವೀಪವಂತೆ.

"ಖಾಲಾ, ಇಲ್ಲಿಗೆ ಹೋಗೋಣ ಅಂತ ಅವರಿಗೆ ಹೇಳಿಸಲಾ?"

ಅಕ್ಕ ತಲೆ ಎತ್ತದೆಯೇ, "ನಿನ್ನ ಅಬ್ಬಾ ನನ್ನನ್ನು ನಂದಿ ಬೆಟ್ಟಕ್ಕೂ ಕರೆದುಕೊಂಡು ಹೋಗಿರಲಿಲ್ಲ. ಮೊದಲು ಊಟಿ ನೋಡಿ ಬಾ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಹುಡುಗಿಯ ಮುಖ ಬಾಡಿತು.

ರಾತ್ರಿ ಅವಳನ್ನು ಒಬ್ಬಳೇ ಕರೆದು ಕೇಳಿದೆ. ಸಮುದ್ರದ ಆಸೆ ಅಷ್ಟೇನೂ ಇರಲಿಲ್ಲ. ಮದುವೆಯಾಗಿ ಹೋಗುವ ಮನೆಯೂ ಚಾಮರಾಜಪೇಟೆಯಲ್ಲೇ ಇದೆ. ಅತ್ತೆ, ಮಾವ, ಇಬ್ಬರು ಮೈದುನರು, ಒಬ್ಬ ನಾದಿನಿ. ಹೊಸ ದಂಪತಿಗೆ ಕೊಡುವ ಕೋಣೆಯಲ್ಲಿಯೇ ಮನೆಮಂದಿಯ ಬಟ್ಟೆಯ ಬೀರು ಇದೆ. ಬೆಳಗಾದರೆ ಒಬ್ಬೊಬ್ಬರಾಗಿ ಬಂದು ಬಟ್ಟೆ ತೆಗೆದುಕೊಳ್ಳಬೇಕು. "ಬಾಗಿಲು ಹಾಕಿಕೊಂಡು ಕೂರುವ ಒಂದು ಕೋಣೆ ನಾಲ್ಕು ದಿನವಾದರೂ ಸಿಗಲಿ ಖಾಲಾ. ಎಲ್ಲಾದರೂ ಆಗಲಿ" ಎಂದಳು.

ಅವಳ ಮಾತಿನಲ್ಲಿ ತಪ್ಪೇನಿದೆ? 1892ರಲ್ಲಿ ಹೊಸ ಬಡಾವಣೆಯಾಗಿ ಎದ್ದಾಗ ಚಾಮರಾಜಪೇಟೆ ಅಗಲ ರಸ್ತೆಗಳ, ದೊಡ್ಡ ಮನೆಗಳ ಪೇಟೆ. ಆಮೇಲೆ ಅಣ್ಣ ತಮ್ಮಂದಿರ ಪಾಲಾಗಿ ಎಷ್ಟೋ ಮನೆಗಳು ಮೂರು, ನಾಲ್ಕು ತುಂಡಾದವು. ನಮ್ಮ ಎಷ್ಟೋ ಮನೆಗಳಲ್ಲಿ ಶಾದಿ ಮಹಲಿಗೆ, ಬಿರಿಯಾನಿಗೆ, ಒಡವೆಗೆ ಲೆಕ್ಕವಿಲ್ಲದೆ ಖರ್ಚಾಗುತ್ತದೆ. ಮೊದಲ ವಾರ ಆ ಇಬ್ಬರು ಎಲ್ಲಿ ಕುಳಿತು ಮಾತನಾಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಿಕಾಹ್‌ಗೆ ಮೊದಲು ಹೆಚ್ಚು ಭೇಟಿಯಾಗದ ನಮ್ಮ ಮಕ್ಕಳಿಗೆ ಆ ವಾರ ಸಣ್ಣದಲ್ಲ.

ಸಾಂಟೋರಿನಿಯ ಬಗ್ಗೆ ನಾನೂ ಕುತೂಹಲದಿಂದ ಓದಿದೆ. ಸುಮಾರು 3,600 ವರ್ಷಗಳ ಹಿಂದೆ ಅಲ್ಲಿ ಭಾರೀ ಜ್ವಾಲಾಮುಖಿ ಸ್ಫೋಟವಾಗಿ ದ್ವೀಪದ ನಡುಭಾಗವೇ ಕುಸಿದುಹೋಯಿತು. ಉಳಿದ ಅಂಚಿನಲ್ಲಿ ಬಂಡೆ ಸಮುದ್ರದಿಂದ ಸುಮಾರು 300 ಮೀಟರ್ ಎತ್ತರಕ್ಕೆ ನೇರವಾಗಿ ನಿಂತಿದೆ. ಅಲ್ಲಿನ ಮೆತ್ತನೆಯ ಬೂದಿ ಮಣ್ಣನ್ನು ಕೊರೆದು ಜನ ಗುಹೆಯಂಥ ಮನೆ ಮಾಡಿಕೊಂಡರು. ಈಗ ಅವೇ ದುಬಾರಿ ಹೋಟೆಲುಗಳು. ಇಯಾ, ಇಮೆರೊವಿಗ್ಲಿ, ಫಿರಾ ಊರುಗಳಲ್ಲಿ ಒಂದು ಮನೆಯ ಮಾಡು ಮೇಲಿನ ಮನೆಯ ಅಂಗಳ! ಮೇಲೆ ದಾರಿಯಲ್ಲಿ ಓಡಾಡುವವರಿಗೆ ಕೆಳಗಿನ ಅಂಗಳ, ಅದರಲ್ಲಿರುವ ಪುಟ್ಟ ಕೊಳ ಎಲ್ಲ ಕಾಣುತ್ತದೆ. ಸೂರ್ಯಾಸ್ತ ನೋಡಲು ಬರುವ ಜನಜಂಗುಳಿಯಂತೂ ನಮ್ಮ ಕೆ.ಆರ್. ಮಾರ್ಕೆಟ್ಟಿನ ಹಾಗೆ. ಪರದೆ ಪಾಲಿಸುವ ಹೆಣ್ಣುಮಗಳು ಆ ಅಂಗಳದಲ್ಲಿ ಕುಳಿತು ಒಂದು ಲೋಟ ಚಹಾ ಕುಡಿಯುವುದೂ ಕಷ್ಟ. ಪೂರ್ವದ ಕಮಾರಿ, ಪೆರಿಸ್ಸಾ ತೀರಗಳು ಸಮತಟ್ಟು, ಮೆಟ್ಟಿಲಿನ ಕಾಟವಿಲ್ಲ, ಬಾಡಿಗೆಯೂ ಕಡಿಮೆ. ಆದರೆ ಫೋಟೋದಲ್ಲಿ ಕಾಣುವುದು ಆ ಊರುಗಳಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟೂವರೆಯ ಮೇಲೆ. ಇಶಾ ನಮಾಝ್‌ಗೆ ಹತ್ತು ಗಂಟೆ ದಾಟುತ್ತದೆ.

ಖರ್ಚಿನ ಮಾತು ಬೇರೆ. ವೀಸಾ ಶುಲ್ಕವೇ 2024ರ ಜೂನ್‌ನಿಂದ ಒಬ್ಬರಿಗೆ 90 ಯೂರೋ. ನಮ್ಮ ಹುಡುಗಿಗೆ ಪಾಸ್‌ಪೋರ್ಟೇ ಇಲ್ಲ. 2025ರ ಫೆಬ್ರವರಿಯಲ್ಲಿ ಒಂದೇ ಸಮನೆ ಭೂಕಂಪನವಾಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಆ ದ್ವೀಪ ಬಿಟ್ಟು ಹೋಗಿದ್ದರು. ಇದನ್ನೆಲ್ಲ ಹೇಳಿದಾಗ ಹುಡುಗಿ, "ಫೋಟೋದಲ್ಲಿ ಜನ ಇರಲಿಲ್ಲವಲ್ಲ ಖಾಲಾ!" ಎಂದು ನಕ್ಕಳು. ಗಂಡಿನ ಕಡೆಯಿಂದ ಕೊಡಗಿನ ಮಾತು ಬಂತು.

ಕೊಡಗು ಎಂದರೆ ಸಾಕೇ? ಎಲ್ಲಿ ತಂಗುವುದು? ಇಲ್ಲಿ ನನ್ನದೊಂದು ಹಳೆಯ ಕಥೆ ಹೇಳಿಬಿಡುತ್ತೇನೆ. ನಮ್ಮ ಮದುವೆಯಾದಾಗ ಒಂದು ಬೆಟ್ಟದ ಊರಿನ ಲಾಡ್ಜ್‌ನಲ್ಲಿ ಎರಡು ರಾತ್ರಿ ಇದ್ದೆವು. ಊರು ಬಹಳ ಚೆಂದ. ಕೋಣೆಯ ಚಿಲಕ ಮಾತ್ರ ಕೂರುತ್ತಿರಲಿಲ್ಲ. ಮೇಜನ್ನು ಬಾಗಿಲಿಗೆ ಒತ್ತಿಟ್ಟು ಮಲಗಿದ್ದೆವು. ಬೆಳಗಿನ ಜಾವ ಐದಕ್ಕೇ ಹುಡುಗನೊಬ್ಬ ಚಹಾ ಎಂದು ಬಾಗಿಲು ತಳ್ಳಿದ. ಆ ಊರಿನ ಸರೋವರ ಹೇಗಿತ್ತೆಂದು ಈಗ ಮರೆತುಹೋಗಿದೆ, ಆ ಮೇಜು ಮರೆತಿಲ್ಲ.

ಆದ್ದರಿಂದ ಹುಡುಗನಿಗೆ ನಾನೇ ಫೋನ್ ಮಾಡಿದೆ. ಅವನು ಎರಡು ಜಾಗ ನೋಡಿದ್ದ. ಒಂದು ಮಡಿಕೇರಿ ಪೇಟೆಯ ಹೋಟೆಲ್, ಇನ್ನೊಂದು ಸುಂಟಿಕೊಪ್ಪದ ಕಡೆ ಕಾಫಿ ತೋಟದೊಳಗಿನ ಹೋಂಸ್ಟೇ. ಹೋಟೆಲಿನಲ್ಲಿ 'ಹನಿಮೂನ್ ಪ್ಯಾಕೇಜ್' ಇತ್ತು. ಹಾಸಿಗೆಯ ಮೇಲೆ ಗುಲಾಬಿ ಎಸಳು, ಕೇಕ್, ಮೇಣದ ಬತ್ತಿಯ ಊಟ. ಇದಾವುದೂ ಬೇಡವೆಂದರೆ ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಲು ಹೇಳಿದೆ. ಒಂದು ರಾತ್ರಿಯ ಬಾಡಿಗೆಯಷ್ಟೇ ಇಳಿಯಿತು! ಆದರೆ ಕೋಣೆಯ ಕಿಟಕಿ ರಸ್ತೆಗೆ ತೆರೆದುಕೊಳ್ಳುತ್ತಿತ್ತು. ಈಜುಕೊಳವೂ ಎಲ್ಲರಿಗೂ ಒಂದೇ.

ಹೋಂಸ್ಟೇ ಎಂದರೆ ಮನೆಯೊಡೆಯರೂ ಅಲ್ಲೇ ಇರುವ ಮನೆ. ಆ ಮನೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿತವೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಅತಿಥಿಗಳ ಕೋಣೆಗೆ ಬೇರೆ ಬಾಗಿಲು ಇದೆಯೇ, ಸ್ನಾನದ ಮನೆ ಒಳಗೇ ಇದೆಯೇ, ಮಧ್ಯದ ಗೋಡೆ ಇಟ್ಟಿಗೆಯದೋ ಹಲಗೆಯದೋ ಎಂಬುದನ್ನೂ ನಾಚಿಕೆಯಿಲ್ಲದೆ ಕೇಳಬೇಕು. ಹಲಗೆಯ ಗೋಡೆಯಾದರೆ ಪಕ್ಕದ ಕೋಣೆಯ ಕೆಮ್ಮೂ ಕೇಳಿಸುತ್ತದೆ.

ಊಟದ ವಿಷಯ ನಮ್ಮವರಿಗೆ ಸಂಕೋಚ. ಕೊಡವರ ಮನೆಗಳಲ್ಲಿ ಪಂದಿ ಕರಿ ಗೌರವದ ಅಡುಗೆ. ಅಲ್ಲಿಗೆ ಹೋಗಿ ಮುಖ ಸಿಂಡರಿಸುವುದಕ್ಕಿಂತ ಮೊದಲೇ ಬಿಚ್ಚಿ ಹೇಳುವುದು ಮರ್ಯಾದೆ. ಹುಡುಗ ಫೋನಿನಲ್ಲಿ ತಡವರಿಸುತ್ತಿದ್ದಾಗ ಮನೆಯೊಡತಿಯೇ, "ನಮ್ಮಲ್ಲಿ ಪಂದಿ ಮಾಡುತ್ತೇವಪ್ಪ, ಇಲ್ಲ ಅನ್ನುವುದಿಲ್ಲ. ನಿಮಗೆ ಬೇರೆ ಪಾತ್ರೆ ಇಡುತ್ತೇನೆ. ಕೋಳಿಯನ್ನು ಸುಂಟಿಕೊಪ್ಪದಲ್ಲಿ ನಿಮ್ಮವರ ಅಂಗಡಿಯಿಂದ ತರಿಸಲಾ?" ಎಂದು ಕೇಳಿದರಂತೆ. ಸುಂಟಿಕೊಪ್ಪದಲ್ಲಿ ಮುಸ್ಲಿಮರ ಮನೆಗಳು ಬಹಳ. ಮಸೀದಿಯೂ ಇದೆ. ಕೊನೆಗೆ ಅಕ್ಕಿ ರೊಟ್ಟಿ, ಮೊಟ್ಟೆ, ತರಕಾರಿ ಮನೆಯಲ್ಲಿ, ಮಾಂಸ ಬೇಕೆನಿಸಿದರೆ ಪೇಟೆಯಲ್ಲಿ ಎಂದು ಇವರೇ ತೀರ್ಮಾನಿಸಿದರು. ಅಷ್ಟು ನೇರವಾಗಿ ಮಾತನಾಡಿದ ಆ ತಾಯಿಯ ಮೇಲೆ ನನಗೆ ಅಲ್ಲಿಗೇ ವಿಶ್ವಾಸ ಬಂತು.

ಡಿಸೆಂಬರ್ ಆದ್ದರಿಂದ ಮಳೆಯ ಭಯವಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಗುಡ್ಡದ ಅಂಚಿನಲ್ಲಿ ಮಣ್ಣು ಕಡಿದು ಕಟ್ಟಿದ 'ವ್ಯೂ' ಕೋಣೆಗಳಿಂದ ದೂರವಿರುವುದೇ ಲೇಸು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಜರಿದು ಮನೆಗಳೇ ಕೊಚ್ಚಿಹೋದದ್ದನ್ನು ನಾವು ಮರೆಯುವ ಹಾಗಿಲ್ಲ. ಸಾಂಟೋರಿನಿಯಾಗಲಿ ಮಡಿಕೇರಿಯಾಗಲಿ, ಅಂಚಿನ ನೋಟಕ್ಕೆ ಬಾಡಿಗೆ ಹೆಚ್ಚು, ಅಪಾಯವೂ ಹೆಚ್ಚು.

ಶುಕ್ರವಾರದಿಂದ ಭಾನುವಾರದವರೆಗೆ ಬೆಂಗಳೂರೇ ಕೊಡಗಿಗೆ ಹೋಗಿರುತ್ತದೆ, ಬಾಡಿಗೆ ಏರುತ್ತದೆ. ಭಾನುವಾರ ವಲೀಮಾ, ಸೋಮವಾರ ಪ್ರಯಾಣ ಎಂದು ಇಟ್ಟುಕೊಂಡದ್ದು ಅನುಕೂಲವಾಯಿತು. ಕೊಡಗು ಜಿಲ್ಲೆಗೆ ರೈಲಿಲ್ಲ. ಚಾಮರಾಜಪೇಟೆಯವರಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ಹತ್ತಿರವೇ ಇದೆ. ಮಡಿಕೇರಿ ಬಸ್ಸು ಹತ್ತಿದರೆ ಸುಮಾರು 250 ಕಿಲೋಮೀಟರ್. ಇಬ್ಬರ ಗುರುತಿನ ಚೀಟಿಯ ಜೊತೆಗೆ ನಿಕಾಹ್‌ನಾಮೆಯ ನಕಲನ್ನೂ ಚೀಲದಲ್ಲಿಟ್ಟೆ. ಹುಡುಗಿಯ ಚೀಟಿಯಲ್ಲಿ ಇನ್ನೂ ಅಬ್ಬಾನ ಹೆಸರು, ಅಬ್ಬಾನ ವಿಳಾಸ. ಹೊಸ ಮದುಮಗಳನ್ನು ಹೋಟೆಲಿನ ಮೇಜಿನ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳುವಂತಾಗಬಾರದು.

ಅವಳ ನಾದಿನಿಗೂ ಜೊತೆಯಲ್ಲಿ ಹೋಗುವ ಆಸೆ ಇತ್ತು. "ಪಾಪ, ಅವಳೂ ಕೊಡಗು ನೋಡಿಲ್ಲ" ಎಂದು ಮನೆಯಲ್ಲಿ ಮಾತು ಎದ್ದಿತಂತೆ. ಹುಡುಗನೇ, "ಅವಳನ್ನು ರಜೆಯಲ್ಲಿ ಕರೆದುಕೊಂಡು ಹೋಗುತ್ತೇನೆ, ಅಮ್ಮಿ" ಎಂದು ಮೃದುವಾಗಿ ತಪ್ಪಿಸಿದ. ಅವನ ಮೇಲೆ ನನಗೆ ಅಭಿಮಾನ ಬಂದದ್ದು ಆವತ್ತು.

ಮೂರನೆಯ ದಿನ ಹುಡುಗಿಯ ಫೋನ್ ಬಂತು. "ಖಾಲಾ, ಕೋಣೆಯಲ್ಲಿ ನೆಟ್‌ವರ್ಕ್ ಇಲ್ಲ. ಗೇಟಿನ ಹತ್ತಿರ ಬಂದು ಮಾತಾಡ್ತಾ ಇದ್ದೀನಿ." ಅಂಗಳದ ತುಂಬ ಕಾಫಿ ಹಣ್ಣು ಒಣಗಲು ಹರಡಿದ್ದಾರಂತೆ. ಮಡಿಕೇರಿಯ ಕೋಟೆ ನೋಡಿ ಬಂದರಂತೆ. ಟಿಪ್ಪು ಸುಲ್ತಾನರು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದಿದ್ದರು. ಅಬ್ಬಿ ಜಲಪಾತಕ್ಕೆ ಹೋದಿರಾ ಎಂದು ಕೇಳಿದೆ. ಇಲ್ಲವಂತೆ. "ಮಾತಾಡ್ತಾ ಕೂತೆವು, ಹೊತ್ತಾಗಿ ಹೋಯ್ತು" ಎಂದಳು.

ಬೀರು ಈಗಲೂ ಅದೇ ಕೋಣೆಯಲ್ಲಿದೆ. ಆದರೆ ಅತ್ತೆ ಬಾಗಿಲು ತಟ್ಟಿಯೇ ಒಳಗೆ ಬರುತ್ತಾರಂತೆ. ಮಗ ಹೇಳಿದನೋ, ಅವರಿಗೇ ಹೊಳೆಯಿತೋ, ನಾನು ಕೇಳಲು ಹೋಗಿಲ್ಲ.