ವಕೀಲಿ ವೃತ್ತಿಯೂ ಗೃಹಸ್ಥನ ನೆಮ್ಮದಿಯೂ

ಪರರ ಮನೆಯ ಜಗಳವನ್ನು ತನ್ನ ತಲೆಯ ಮೇಲೆ ಹೊತ್ತು, ಅದರಿಂದಲೇ ತನ್ನ ಮನೆಯ ಒಲೆಯನ್ನು ಉರಿಸಬೇಕಾದವನು ವಕೀಲನು. ವೈದ್ಯನೂ ರೋಗಿಯೂ ಒಂದೇ ಪಕ್ಷದವರು. ರೋಗವೊಂದೇ ಅವರಿಗೆ ಶತ್ರು. ಉಪಾಧ್ಯಾಯನಿಗೆ ಎದುರಾಳಿಯೆಂದರೆ ಹುಡುಗನ ಅಜ್ಞಾನ. ವಕೀಲನಿಗಾದರೋ ಎದುರಿನಲ್ಲಿ ತನ್ನಷ್ಟೇ ಓದಿದ ಮತ್ತೊಬ್ಬ ವಕೀಲನು ನಿಂತಿರುತ್ತಾನೆ. ಒಬ್ಬನು ನಗುತ್ತ ಹೊರಬಂದ ದಿನ ಇನ್ನೊಬ್ಬನು ತಲೆತಗ್ಗಿಸಿ ಬರಬೇಕು. ಇಂತಹ ವೃತ್ತಿಯಲ್ಲಿದ್ದುಕೊಂಡು ಮನುಷ್ಯನು ತೃಪ್ತಿಯನ್ನು ಪಡೆಯಬಹುದೆ? ಪಡೆದರೂ ಹೆಂಡತಿಮಕ್ಕಳಿಗೂ ತಂದೆತಾಯಿಗಳಿಗೂ ಸಲ್ಲತಕ್ಕ ಕಾಲವನ್ನು ಸಲ್ಲಿಸಬಹುದೆ? ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಎತ್ತಿಕೊಂಡುದಲ್ಲ. ನಮ್ಮ ಶಿಷ್ಯನೊಬ್ಬನು ಒಂದು ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು ಕೇಳಿದ ಪ್ರಶ್ನೆಯಿದು.

ನಮ್ಮ ಊರು ಬಿಡದಿ. ಬೆಂಗಳೂರಿನಿಂದ ಮೈಸೂರಿಗೆ ಹೋಗತಕ್ಕವರು ತಟ್ಟೆ ಇಡ್ಲಿಗಾಗಿ ಇಳಿಯುವ ಊರೆಂದು ವಾಚಕರು ಬಲ್ಲರು. ನಮ್ಮ ಬಾಲ್ಯದಲ್ಲಿ ಇಲ್ಲಿ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ರೇಷ್ಮೆಹುಳು ಸಾಕುವ ಮನೆಗಳು, ಇಷ್ಟೇ ಕಾಣುತ್ತಿದ್ದುವು. 1990ರ ದಶಕದ ಕೊನೆಯಲ್ಲಿ ಮೋಟಾರು ಕಾರ್ಖಾನೆ ಬಂದಿತು. ಅದರ ಹಿಂದೆ ಬೇರೆ ಕಾರ್ಖಾನೆಗಳೂ ಬಂದುವು. 2007ರಲ್ಲಿ ರಾಮನಗರವು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಜಿಲ್ಲೆಯ ಕೇಂದ್ರವಾಯಿತು. 2023ರಲ್ಲಿ ಹೊಸ ಹೆದ್ದಾರಿ ತೆರೆಯಿತು. 2025ರಲ್ಲಿ ಹೊಸ ಪಟ್ಟಣವೊಂದರ ನಿರ್ಮಾಣಕ್ಕಾಗಿ ಭೈರಮಂಗಲದ ಕಡೆಯ ಗ್ರಾಮಗಳಲ್ಲಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಟಿತು. ಗುಂಟೆಯ ಬೆಲೆ ಏರಿದಂತೆಲ್ಲ ಅಣ್ಣತಮ್ಮಂದಿರ ನಡುವಣ ಮಾತು ಇಳಿಯಿತು. ಪಾಲುದಾವೆ, ಬದುವಿನ ವ್ಯಾಜ್ಯ, ಪರಿಹಾರದ ಹಣದ ತಕರಾರು, ಹೆದ್ದಾರಿಯ ಅಪಘಾತ, ಹಣವಿಲ್ಲದೆ ಹಿಂದಿರುಗಿದ ಚೆಕ್ಕು, ಇವೆಲ್ಲ ಸೇರಿ ವಕೀಲರಿಗೆ ಕೈತುಂಬ ಕೆಲಸವನ್ನು ಕೊಟ್ಟಿವೆ.

ನಮ್ಮ ಶಿಷ್ಯನು ಹಳ್ಳಿಯ ರೈತನ ಮಗನು. ಆತನ ತಂದೆಯು ನಾಲ್ಕು ಗುಂಟೆಯ ಬದುವಿಗಾಗಿ ಹತ್ತೊಂಬತ್ತು ವರ್ಷ ಕೋರ್ಟಿಗೆ ಅಲೆದವನು. ವಾಯಿದೆಯ ದಿನ ಬಟ್ಟೆಯಲ್ಲಿ ರಾಗಿಮುದ್ದೆ ಕಟ್ಟಿಕೊಂಡು ಬೆಳಗಿನ ರೈಲು ಹಿಡಿಯುವುದು, ಸಂಜೆ ಮುಂದಿನ ತಾರೀಖನ್ನು ತಿಳಿದುಕೊಂಡು ಬರುವುದು. ಇದು ಆ ಮನೆಯಲ್ಲಿ ಹಬ್ಬಹುಣ್ಣಿಮೆಗಳಂತೆ ನಡೆದುಬಂದ ಕ್ರಮವಾಗಿತ್ತು. ‘ನಮ್ಮ ಮನೆಯಲ್ಲಿಯೇ ಒಬ್ಬ ವಕೀಲನಿರಲಿ’ ಎಂದು ತಂದೆಯು ಮಗನನ್ನು ಓದಿಸಿದನು. ಸಂಸ್ಕೃತದ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗನು ಬೆಂಗಳೂರಿನಲ್ಲಿ ಕಾನೂನು ಓದಿ, ಕರಿಯ ಕೋಟು ತೊಟ್ಟು ಬಂದು ನಮಗೆ ನಮಸ್ಕರಿಸಿದ ದಿನ ನಾವೂ ಹೆಮ್ಮೆಪಟ್ಟೆವು.

ವಕೀಲನ ದಿನಚರಿ ಮನೆಯಲ್ಲಿರುವವರಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಹಿಂದಿನ ಸಂಜೆಯೇ ನಾಳೆಯ ಮೊಕದ್ದಮೆಗಳ ಪಟ್ಟಿ ಮೊಬೈಲಿನಲ್ಲಿ ಕಾಣುತ್ತದೆ. ತನ್ನದು ಯಾವ ಗಳಿಗೆಯಲ್ಲಿ ಕೂಗಲ್ಪಡುವುದೆಂಬುದು ಮಾತ್ರ ಕಾಣುವುದಿಲ್ಲ. ಹನ್ನೊಂದಕ್ಕೆ ಹಾಜರಿದ್ದವನ ಸರದಿ ನಾಲ್ಕಕ್ಕೆ ಬರಬಹುದು. ಬಂದೊಡನೆ ಮುಂದಕ್ಕೆ ಹೋಗಲೂಬಹುದು. ದಾವೆಯಲ್ಲಿ ಒಬ್ಬ ಪಕ್ಷಗಾರನಿಗೆ ಮೂರು ಬಾರಿಗಿಂತ ಹೆಚ್ಚು ವಾಯಿದೆ ಕೊಡಕೂಡದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಆದರೆ ಆಚರಣೆಯಲ್ಲಿ ಈ ನಿಯಮವು ಎಷ್ಟು ಸಡಿಲವೆಂಬುದನ್ನು ಕೋರ್ಟಿನ ಮೆಟ್ಟಿಲು ಹತ್ತಿದವರೆಲ್ಲ ಬಲ್ಲರು. ಸಂಜೆ ಆರಕ್ಕೆ ಕಕ್ಷಿಗಾರರು ಮನೆಗೆ ಬರತೊಡಗುತ್ತಾರೆ. ಅವರು ಹೋದ ಮೇಲೆ ಅರ್ಜಿ ಬರೆಯುವುದು, ತೀರ್ಪುಗಳನ್ನು ಓದುವುದು. 2024ರ ಜುಲೈ 1ರಿಂದ ದಂಡಸಂಹಿತೆ, ಅಪರಾಧ ಪ್ರಕ್ರಿಯೆ, ಸಾಕ್ಷ್ಯದ ಕಾನೂನು ಮೂರೂ ಹೊಸವಾದುವಾಗಿ, ಇಪ್ಪತ್ತು ವರ್ಷದ ಅನುಭವಸ್ಥನೂ ಮತ್ತೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಬೇಕಾಯಿತು.

ಇನ್ನು ಹೊಸಬರ ಪಾಡು ಹೇಳತೀರದು. ಹಿರಿಯರ ಕೈಕೆಳಗೆ ದುಡಿಯುವ ಕಿರಿಯ ವಕೀಲರಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮಾಂತರದಲ್ಲಿ 15,000 ರೂಪಾಯಿಯಾದರೂ ಕೊಡುವುದು ಲೇಸೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸೂಚಿಸಿತು. ಅದು ಸೂಚನೆಯೇ ಹೊರತು ಕಟ್ಟಪ್ಪಣೆಯಲ್ಲ. ಬೇರೆ ವ್ಯಾಪಾರ ಮಾಡಕೂಡದು, ತನ್ನ ವೃತ್ತಿಯ ಬಗ್ಗೆ ಜಾಹೀರಾತು ಕೊಡಕೂಡದು, ಗೆದ್ದರೆ ಇಷ್ಟು ಪಾಲೆಂದು ಫೀಜು ಗೊತ್ತುಮಾಡಕೂಡದು ಎಂಬ ಕಟ್ಟುಗಳಾದರೋ ಆತನ ಮೇಲೆ ಇದ್ದೇ ಇವೆ.

ನಮ್ಮ ಶಿಷ್ಯನು ಈ ಕಷ್ಟಗಳನ್ನೆಲ್ಲ ದಾಟಿದನು. ಹತ್ತು ವರ್ಷದಲ್ಲಿ ಹೆಸರೂ ಬಂದಿತು, ಮನೆಯೂ ಎದ್ದಿತು. ಆದರೆ ಆತನು ಊರಿನ ಮದುವೆಮುಂಜಿಗಳಲ್ಲಿ ಕಾಣಿಸುತ್ತಿರಲಿಲ್ಲ. ತಂದೆಯು ಹಾಸಿಗೆ ಹಿಡಿದಾಗಲೂ ಬೆಳಿಗ್ಗೆ ಬಾಗಿಲಲ್ಲಿಯೇ ನಿಂತು ‘ಹೇಗಿದೀಯಪ್ಪ?’ ಎಂದು ಕೇಳಿ ಓಡುತ್ತಿದ್ದನು. ಒಂದು ದಿನ ಮುದುಕನು, ‘ಇವತ್ತು ವಾಯಿದೆ ಇದೆಯೇನೋ?’ ಎಂದು ಕೇಳಿದನಂತೆ. ‘ಇದೆಯಪ್ಪ, ಸಂಜೆ ಬಂದು ಕೂತುಕೊಳ್ಳುತ್ತೇನೆ’ ಎಂದು ಮಗನು ಹೊರಟನು. ಆ ದಿನ ಮಧ್ಯಾಹ್ನ ಮೂರಕ್ಕೆ ತಂದೆಯು ತೀರಿಕೊಂಡನು. ಮಗನ ಮೊಬೈಲು ಕಚೇರಿಯ ನಿಯಮದಂತೆ ಮೌನವಾಗಿತ್ತು. ನಾಲ್ಕು ಗಂಟೆಗೆ ಮೊಕದ್ದಮೆಯನ್ನು ಕೂಗಿದರು. ಎದುರು ಪಕ್ಷದವರು ಕಾಲಾವಕಾಶ ಬೇಡಿದರು. ಅದು ಮುಂದಿನ ತಿಂಗಳಿಗೆ ಹೋಯಿತು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಆತನು ನಮ್ಮಲ್ಲಿಗೆ ಬಂದನು. ‘ಮೇಷ್ಟ್ರೆ, ನಮ್ಮಪ್ಪ ಹತ್ತೊಂಬತ್ತು ವರ್ಷ ತಾರೀಖಿಗಾಗಿ ಕಾದ. ಕೊನೆಗೆ ನನಗಾಗಿಯೂ ಕಾದು ಹೋದ. ಈ ಕೋಟನ್ನು ತೆಗೆದಿಟ್ಟುಬಿಡುತ್ತೇನೆ’ ಎಂದನು.

ನಮಗೆ ಕೂಡಲೆ ಉತ್ತರ ತೋರಲಿಲ್ಲ. ನಿಜವನ್ನು ಹೇಳಬೇಕಾದರೆ ಆತನ ತಪ್ಪಿನಲ್ಲಿ ನಮ್ಮ ಪಾಲೂ ಇದ್ದಿತು. ಕೈಗೊಂಡ ಕಾರ್ಯವೇ ಪೂಜೆಯೆಂದು ಮೂವತ್ತು ವರ್ಷ ಹುಡುಗರಿಗೆ ಬೋಧಿಸಿದವರು ನಾವು. ಮನೆಯೂ ಒಂದು ಕಾರ್ಯವೆಂದು ಒಂದು ದಿನವಾದರೂ ಹೇಳಿದವರಲ್ಲ. ನಾವೇ ರಾತ್ರಿಯೆಲ್ಲ ಉತ್ತರಪತ್ರಿಕೆಗಳನ್ನು ತಿದ್ದುತ್ತ, ನಮ್ಮ ಮಕ್ಕಳು ಪಾಠ ಕೇಳಬಂದರೆ ‘ನಾಳೆ ನೋಡೋಣ’ ಎಂದು ಅಟ್ಟಿದವರು. ‘ಊರ ಮಕ್ಕಳಿಗೆಲ್ಲ ಮೇಷ್ಟ್ರು, ಮನೆಯ ಮಕ್ಕಳಿಗೆ ಅತಿಥಿ’ ಎಂದು ನಮ್ಮ ಮನೆಯಾಕೆ ಅಂದದ್ದು ನಮಗೆ ನಿವೃತ್ತರಾದ ಮೇಲೆ ಅರ್ಥವಾಯಿತು.

ದೊಡ್ಡವರ ಚರಿತ್ರೆಯನ್ನು ನೋಡಿದರೆ ವಕೀಲಿಯನ್ನು ಬಿಟ್ಟವರ ಹೆಸರೇ ಹೆಚ್ಚಾಗಿ ಕೇಳಿಬರುತ್ತದೆ. ನಮ್ಮ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು 1932ರಲ್ಲಿ ಪುಣೆಯಲ್ಲಿ ನ್ಯಾಯಶಾಸ್ತ್ರದ ಪದವಿ ಪಡೆದು, ವಕೀಲಿಯಿಂದ ಸ್ವಾತಂತ್ರ್ಯದ ಹೋರಾಟಕ್ಕೆ ತಿರುಗಿ, 1952ರಿಂದ 1956ರ ವರೆಗೆ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದು ವಿಧಾನಸೌಧವನ್ನು ಕಟ್ಟಿಸಿದರು. ಧಾರವಾಡದ ಆಲೂರು ವೆಂಕಟರಾಯರು ವಕೀಲಿಯನ್ನು ತೊರೆದು ಕರ್ನಾಟಕದ ಏಕೀಕರಣಕ್ಕೆ ಜೀವವನ್ನು ಸವೆಸಿದರು. ಇವರೆಲ್ಲ ಪೂಜ್ಯರು. ಆದರೆ ಮನೆಯ ಸಾಲ, ಮಕ್ಕಳ ಶಾಲೆಯ ಶುಲ್ಕ, ವಿಧವೆ ತಾಯಿ, ಇವರನ್ನು ಹೊತ್ತ ಸಾಮಾನ್ಯ ಗೃಹಸ್ಥನಿಗೆ ತ್ಯಾಗದ ದಾರಿ ಸುಲಭವಲ್ಲ. ಅವನಿಗೆ ಬೇಕಾದದ್ದು ವೃತ್ತಿಯೊಳಗೇ ಇದ್ದು ಬಾಳುವ ದಾರಿ.

ಅಂತಹ ದಾರಿಯನ್ನು ತೋರಿದವರೂ ಉಂಟು. ನಿಟ್ಟೂರು ಶ್ರೀನಿವಾಸರಾಯರು ವಕೀಲರಾಗಿ, ನ್ಯಾಯಾಧೀಶರಾಗಿ, ಮೈಸೂರಿನ ಮುಖ್ಯ ನ್ಯಾಯಾಧೀಶರಾಗಿ, 1964ರಲ್ಲಿ ದೇಶದ ಮೊದಲನೆಯ ಕೇಂದ್ರ ಜಾಗೃತಿ ಆಯುಕ್ತರೂ ಆದರು. ಜತೆಗೆ ಸತ್ಯಶೋಧನ ಪ್ರಕಟನ ಮಂದಿರವನ್ನು ಸ್ಥಾಪಿಸಿ ಕನ್ನಡ ಪುಸ್ತಕಗಳನ್ನು ಪ್ರಕಟಿಸಿದರು. 1903ರಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡ ಅವರಿಗೆ ಕೋರ್ಟು ಒಂದೇ ಲೋಕವಾಗಿರಲಿಲ್ಲ. ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ದಾದಾ ಅಬ್ದುಲ್ಲಾ ಅವರ ವ್ಯಾಜ್ಯವನ್ನು ಪಂಚಾಯಿತಿಯಿಂದ ತೀರ್ಮಾನಮಾಡಿಸಿ, ಸೋತವನಿಗೆ ಕಂತಿನಲ್ಲಿ ಹಣ ಕಟ್ಟುವ ಅವಕಾಶವನ್ನೂ ಕೊಡಿಸಿದ ಮೇಲೆಯೇ ವಕೀಲನ ನಿಜವಾದ ಧರ್ಮವನ್ನು ಕಂಡುಕೊಂಡರು. ಆಮೇಲಿನ ತಮ್ಮ ವಕೀಲಿಯ ಬಹುಭಾಗವನ್ನು ಅವರು ರಾಜಿ ಮಾಡಿಸುವುದರಲ್ಲಿಯೇ ಕಳೆದರು. ಅದರಿಂದ ಹಣದ ನಷ್ಟವೂ ಆಗಲಿಲ್ಲವೆಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ನಾವು ಶಿಷ್ಯನನ್ನು ಕೇಳಿದೆವು: ‘ಅಪ್ಪಾ, ಈ ಹತ್ತು ವರ್ಷದಲ್ಲಿ ಯಾವ ದಿನ ನೀನು ಸಂತೋಷದಿಂದ ಮನೆಗೆ ಬಂದೆ?’

ಆತನು ಬಹಳ ಹೊತ್ತು ಯೋಚಿಸಿ ಒಂದು ಪಾಲುದಾವೆಯ ಕಥೆಯನ್ನು ಹೇಳಿದನು. ಒಬ್ಬಾಕೆ ತನ್ನ ಇಬ್ಬರು ಅಣ್ಣಂದಿರ ಮೇಲೆ ದಾವೆ ಹೂಡಿದ್ದಳು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕುಂಟೆಂದು ಕರ್ನಾಟಕವು 1994ರಲ್ಲಿ, ಅವಿವಾಹಿತೆಯರಿಗೆ, ಕಾನೂನನ್ನು ಜಾರಿಗೆ ತಂದಿತು. 2005ರಲ್ಲಿ ಕೇಂದ್ರದ ಕಾನೂನು ಆ ಹಕ್ಕನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. 2005ಕ್ಕೆ ಮುಂಚೆ ತಂದೆ ತೀರಿಕೊಂಡಿದ್ದರೂ ಹಕ್ಕು ಸಲ್ಲುವುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. ಆದುದರಿಂದ ಆಕೆ ಗೆಲ್ಲುವುದು ಖಂಡಿತವಾಗಿತ್ತು. ಆದರೂ ನಮ್ಮ ಶಿಷ್ಯನು ಎದುರು ಪಕ್ಷದ ವಕೀಲನೊಡನೆ ಮಾತಾಡಿ ಮೊಕದ್ದಮೆಯನ್ನು ಲೋಕ ಅದಾಲತ್ತಿಗೆ ಒಯ್ದನು. ತಂಗಿಗೆ ರಸ್ತೆಯ ಕಡೆಯ ಜಮೀನು ಬಂದಿತು. ಹಳೆಯ ಮನೆಯೂ ತಾಯಿಯ ರಕ್ಷಣೆಯೂ ಅಣ್ಣಂದಿರ ಪಾಲಾದುವು. ಅದಾಲತ್ತಿನ ತೀರ್ಮಾನಕ್ಕೆ ಅಪೀಲಿಲ್ಲ. ಕಟ್ಟಿದ ಕೋರ್ಟು ಫೀಜೂ ಹಿಂದಿರುಗುತ್ತದೆ. ಸಹಿಯಾದ ಮೇಲೆ ಹಿರಿಯಣ್ಣನು ತಂಗಿಯನ್ನು, ‘ಊಟ ಮಾಡಿದೆಯಾ?’ ಎಂದು ಕೇಳಿದನಂತೆ. ನಾಲ್ಕು ವರ್ಷದಲ್ಲಿ ಅವರ ನಡುವೆ ಅದೇ ಮೊದಲ ಮಾತು.

‘ಆ ದಿನ ಬಂದ ಫೀಜು ಎಷ್ಟೋ ಮರೆತುಹೋಗಿದೆ, ಮೇಷ್ಟ್ರೆ. ಆ ಮಾತು ಮರೆತಿಲ್ಲ’ ಎಂದನು.

‘ಹಾಗಾದರೆ ಬಿಡಬೇಕಾದದ್ದು ಕೋಟಲ್ಲವಪ್ಪ. ಅದನ್ನು ತೊಡುವ ಕ್ರಮವನ್ನು ತಿದ್ದಿಕೊಂಡರೆ ಸಾಕು’ ಎಂದೆವು.

ಈ ಮಾತು ಮುದುಕನೊಬ್ಬನ ಊಹೆಯಲ್ಲವೆಂಬುದಕ್ಕೆ ಪ್ರಮಾಣವೂ ಉಂಟು. ಅಮೆರಿಕದಲ್ಲಿ ಕ್ರೀಗರ್, ಷೆಲ್ಡನ್ ಎಂಬ ಇಬ್ಬರು ಪಂಡಿತರು ಸುಮಾರು 6,200 ಮಂದಿ ವಕೀಲರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಬರಹದಂತೆ, ವರಮಾನಕ್ಕೂ ಪದವಿಯ ಹಿರಿಮೆಗೂ ವಕೀಲನ ಸುಖಕ್ಕೂ ಇರುವ ಸಂಬಂಧ ಅಲ್ಪವೇ. ತನ್ನ ಕೆಲಸದ ಮೇಲೆ ತನಗಿರುವ ಸ್ವಾತಂತ್ರ್ಯ, ಕೆಲಸದಲ್ಲಿ ನೈಪುಣ್ಯ, ಇತರರೊಡನೆ ಆತ್ಮೀಯತೆ, ಇವುಗಳೇ ಸುಖದ ಮೂಲಗಳು. ಅದೇ ದೇಶದಲ್ಲಿ 2016ರಲ್ಲಿ ಪ್ರಕಟವಾದ ಮತ್ತೊಂದು ವಿಚಾರಣೆಯಲ್ಲಿ 12,825 ವಕೀಲರ ಪೈಕಿ ನೂರಕ್ಕೆ 28 ಮಂದಿಯಲ್ಲಿ ಮನಸ್ಸಿನ ಖಿನ್ನತೆಯ ಲಕ್ಷಣಗಳು ಕಂಡುಬಂದುವು.

ನಮ್ಮ ಪೂರ್ವಿಕರೂ ವ್ಯವಹಾರವನ್ನು ಚತುಷ್ಪಾದವೆಂದರು: ಭಾಷಾ, ಉತ್ತರ, ಕ್ರಿಯಾ, ಸಾಧ್ಯಸಿದ್ಧಿ. ಎಂದರೆ ವಾದಿಯ ಹೇಳಿಕೆ, ಪ್ರತಿವಾದಿಯ ಉತ್ತರ, ಸಾಕ್ಷ್ಯ, ಕೊನೆಗೆ ನಿರ್ಣಯ. ಕಲ್ಯಾಣದಲ್ಲಿ ಕುಳಿತು ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನೂ ಇದನ್ನು ವಿವರಿಸಿದ್ದಾನೆ. ಮೂರು ಪಾದಗಳನ್ನೇ ಸುತ್ತುತ್ತ ನಾಲ್ಕನೆಯದನ್ನು ಮುಟ್ಟದ ವ್ಯವಹಾರವು ಕುಂಟು ಪಶುವಿನಂತೆ ಕಕ್ಷಿಗಾರನನ್ನೂ ವಕೀಲನನ್ನೂ ಕೆಡಹುತ್ತದೆ.

ಆ ಮೇಲೆ ನಮ್ಮ ಶಿಷ್ಯನು ಕೆಲವು ನಿಯಮಗಳನ್ನು ಮಾಡಿಕೊಂಡನು. ಒಂದೇ ದಿನ ಎರಡು ಊರಿನ ಕೋರ್ಟಿನ ಕೆಲಸವನ್ನು ಒಪ್ಪುವುದಿಲ್ಲ. ಫೀಜನ್ನು ಮೊದಲೇ ಬಾಯಿಬಿಟ್ಟು ಹೇಳಿ ಬರೆದುಕೊಡುತ್ತಾನೆ. ಮುಂದಿನ ಮನಸ್ತಾಪದಲ್ಲಿ ಅರ್ಧ ಅಲ್ಲಿಯೇ ನಿಲ್ಲುತ್ತದೆ. ಪಾಲುದಾವೆಗೆ ಬಂದವರನ್ನು ಮೊದಲ ದಿನವೇ, ‘ಎದುರಿನವರೊಡನೆ ಕಡೆಯ ಬಾರಿ ಮಾತಾಡಿದ್ದು ಯಾವಾಗ?’ ಎಂದು ಕೇಳುತ್ತಾನೆ. ರಾತ್ರಿ ಎಂಟೂವರೆಗೆ ಕಚೇರಿಯ ಕೋಣೆಗೆ ಬೀಗ; ಊಟ ಎಲ್ಲರ ಪಂಕ್ತಿಯಲ್ಲಿ. ಭಾನುವಾರ ಬೆಳಿಗ್ಗೆ ತಾಯಿಯೊಡನೆ ಹೊಲದ ಕಡೆಗೆ ಹೋಗುವುದು. ಬೇಸಗೆಯ ರಜೆಯಲ್ಲಿ ಒಂದು ವಾರ ಕಡತಗಳಿಲ್ಲದ ಊರು. ತನ್ನ ಬಳಿ ಇರುವ ಕಿರಿಯ ವಕೀಲನಿಗೆ ತಿಂಗಳ ಮೊದಲನೆಯ ತಾರೀಖು ಸಂಬಳ.

ಇದರಿಂದ ಎಲ್ಲವೂ ಸರಿಹೋಯಿತೆಂದು ನಾವು ಹೇಳಲಾರೆವು. ಮೊದಲನೆಯ ವರ್ಷ ವರಮಾನ ಕುಗ್ಗಿತು. ಕೆಲವು ಕಕ್ಷಿಗಾರರು ಬೇರೆಡೆಗೆ ಹೋದರು. ಬಂಧನದಲ್ಲಿರುವ ಮಗನಿಗಾಗಿ ತಾಯಿಯೊಬ್ಬಳು ನಡುರಾತ್ರಿ ಬಾಗಿಲು ತಟ್ಟಿದರೆ ಬೀಗ ತೆಗೆಯಲೇಬೇಕು, ತೆಗೆದೇ ತೆಗೆಯುತ್ತಾನೆ. ಎಲ್ಲ ವ್ಯಾಜ್ಯವೂ ರಾಜಿಗೆ ಬರುವುದಿಲ್ಲ. ಬಲವಂತನು ದುರ್ಬಲನನ್ನು ತುಳಿದಲ್ಲಿ ರಾಜಿ ಎಂಬುದು ಅನ್ಯಾಯದ ಮತ್ತೊಂದು ಹೆಸರಾದೀತು. ಅಲ್ಲಿ ಕೊನೆಯ ವರೆಗೆ ಹೋರಾಡುವುದೇ ಧರ್ಮ.

ವಕೀಲರ ಮನೆಯವರಿಗೂ ಒಂದು ಮಾತು. ಕಕ್ಷಿಗಾರನು ನಂಬಿ ಹೇಳಿದುದನ್ನು ವಕೀಲನು ಹೊರಗೆ ಹೇಳಕೂಡದೆಂದು ಸಾಕ್ಷ್ಯದ ಕಾನೂನೇ ಕಟ್ಟುಮಾಡಿದೆ. ದಿನವಿಡೀ ಕೇಳಿದ ದುಃಖವನ್ನು ಆತನು ಹೆಂಡತಿಯೊಡನೆಯೂ ಹಂಚಿಕೊಳ್ಳುವಂತಿಲ್ಲ. ಮನೆಗೆ ಬಂದ ಗಂಡನು ಸುಮ್ಮನೆ ಕುಳಿತರೆ ಅದು ಉದಾಸೀನವೆಂದು ತಿಳಿಯಬೇಡಿ. ‘ಏನಾಯಿತು?’ ಎಂದು ಕೆದಕುವುದಕ್ಕಿಂತ ಒಂದು ಲೋಟ ಮಜ್ಜಿಗೆಯನ್ನು ಮುಂದಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳುವುದು ಮೇಲು.

ಕಳೆದ ವರ್ಷ ಆ ತಂದೆಯ ವಾರ್ಷಿಕ ಶ್ರಾದ್ಧಕ್ಕೆ ನಮಗೂ ಕರೆ ಬಂದಿತ್ತು. ಅದು ಕೋರ್ಟು ನಡೆಯುವ ದಿನ. ನಾವು ಹೋದಾಗ ಶಿಷ್ಯನು ಹಿತ್ತಲಿನಲ್ಲಿ ಬಾಳೆಯೆಲೆ ಕೊಯ್ಯುತ್ತಿದ್ದನು. ‘ಇವತ್ತು ವಾಯಿದೆ ಇಲ್ಲವೇನಪ್ಪ?’ ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟೆವು. ಆತನು ಎಲೆಗಳನ್ನು ಜೋಡಿಸಿಕೊಂಡು, ‘ಇತ್ತು ಮೇಷ್ಟ್ರೆ. ಈ ತಾರೀಖು ಬೇಡವೆಂದು ಒಂದು ತಿಂಗಳ ಹಿಂದೆಯೇ ಕೇಳಿಕೊಂಡಿದ್ದೆ’ ಎಂದು ಹೇಳಿ, ಎಲೆ ಹಾಕಲು ಒಳಗೆ ಹೋದನು.