ಸ್ವಲೀನತೆ: ಮಗುವನ್ನು ಅರಿತು ಬೆಳೆಸಿರಿ

ಹೆಸರು ಹಿಡಿದು ಎಷ್ಟು ಕರೆದರೂ ತಿರುಗಿ ನೋಡದ ಮಗು, ಒಳಮನೆಯಲ್ಲಿ ಡಬ್ಬಿ ತೆರೆದ ಸಪ್ಪಳಕ್ಕೆ ಓಡಿ ಬರುವುದುಂಟು. ಅಂತಹ ಮಗುವನ್ನು ಹಟಮಾರಿಯೆಂದು ಗದರಿಸುವ ಮೊದಲು ತಂದೆತಾಯಿಗಳು ಸ್ವಲ್ಪ ಯೋಚಿಸಬೇಕು. ಇದು ಸ್ವಲೀನತೆಯ, ಅಂದರೆ ಆಟಿಸಂನ, ಲಕ್ಷಣವಾಗಿರಬಹುದು.

ಸ್ವಲೀನತೆ ಎಂದರೇನು?

ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆಯೇ ಸ್ವಲೀನತೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇಂತಹ ಹನ್ನೊಂದು ಮಕ್ಕಳ ವಿವರಗಳನ್ನು ಪ್ರಕಟಿಸಿದರು. ತಾಯಿಯ ಪ್ರೀತಿ ಸಾಲದುದೇ ಇದಕ್ಕೆ ಕಾರಣವೆಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. ಅದು ತಪ್ಪೆಂದು ಸಿದ್ಧವಾಗಿದೆ. ಲಸಿಕೆ, ಗ್ರಹಣ, ದೈವಕೋಪಗಳೂ ಕಾರಣಗಳಲ್ಲ. ಇದರಲ್ಲಿ ವಂಶವಾಹಿಗಳ ಪಾತ್ರ ಹಿರಿದು. ಆದುದರಿಂದ ತಾಯಿಯನ್ನು ದೂಷಿಸುವುದು ಅನ್ಯಾಯ.

ನಿತ್ಯಜೀವನದಲ್ಲಿ

ಇಳಕಲ್ಲಿನ ನೇಕಾರರ ಮನೆಗಳಲ್ಲಿ ಮಗ್ಗದ ಸಪ್ಪಳ ಎಲ್ಲರಿಗೂ ರೂಢಿಯಾದುದು. ಸ್ವಲೀನತೆಯುಳ್ಳ ಮಗುವಿಗೆ ಅದೇ ಸಪ್ಪಳ ಅಸಹನೀಯವಾಗಬಹುದು. ಇಂತಹ ಮತ್ತೊಂದು ಮಗು ಲಾಳಿಯ ಓಡಾಟವನ್ನೇ ಬಹಳ ಹೊತ್ತು ನೋಡುತ್ತ ಕೂಡಬಹುದು. ರೊಟ್ಟಿ ಮುರಿದಿದ್ದರೆ ಉಣ್ಣದಿರುವುದು, ದಿನವೂ ಹೋಗುವ ದಾರಿ ಬದಲಾದರೆ ಚೀರಾಡುವುದು ಸಹ ಉಂಟು. ರೂಢಿಯ ಕ್ರಮ ತಪ್ಪಿದಾಗ ಮಗುವಿಗೆ ಉಂಟಾಗುವ ತಳಮಳವನ್ನು ಹೊಡೆತದಿಂದ ತಣಿಸಲಾಗದು.

ಊಟ, ಸ್ನಾನ, ನಿದ್ರೆಗಳನ್ನು ನಿಯಮಿತ ವೇಳೆಗೆ ನಡೆಸಿರಿ. ಚಿಕ್ಕ ವಾಕ್ಯಗಳಲ್ಲಿ ಮಾತನಾಡಿರಿ. ಮಾತು ಬಾರದ ಮಗುವಿಗೆ ಚಿತ್ರ ತೋರಿಸಿ ತಿಳಿಸಿರಿ. ಬಾದಾಮಿಯ ಬನಶಂಕರಿ ಜಾತ್ರೆಗೆ ಕರೆದೊಯ್ಯುವುದಾದರೆ ಮೊದಲೇ ಹೇಳಿ ಸಿದ್ಧಪಡಿಸಿ, ಜನಸಂದಣಿ ಕಡಿಮೆಯಿರುವ ಹೊತ್ತಿನಲ್ಲಿ ಹೋಗಿರಿ. ಮಗು ಕಿವಿ ಮುಚ್ಚಿಕೊಂಡರೆ ಕೂಡಲೇ ಶಾಂತವಾದ ಸ್ಥಳಕ್ಕೆ ಕರೆತನ್ನಿರಿ.

ಯಾವಾಗ ತೋರಿಸಬೇಕು?

ಒಂದು ವರ್ಷವಾದರೂ ಹೆಸರಿಗೆ ಓಗೊಡದಿದ್ದರೆ, ಬೆರಳು ತೋರಿ ಏನನ್ನೂ ಸೂಚಿಸದಿದ್ದರೆ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ, ಅಥವಾ ಬಂದ ಮಾತು ನಿಂತುಹೋದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಶ್ರವಣ ಪರೀಕ್ಷೆಯನ್ನೂ ಮಾಡಿಸಿರಿ.

ಹುನಗುಂದದ ಹಳ್ಳಿಯವರು ಮೊದಲು ತಮ್ಮೂರಿನ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡಲಾಗುತ್ತದೆ. ಹೆಚ್ಚಿನ ಪರೀಕ್ಷೆಗೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಮಾತಿನ ತರಬೇತಿಯ ಮಾರ್ಗದರ್ಶನ ದೊರೆಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನೂ ಒಳಗೊಂಡಿದೆ.

ಸ್ವಲೀನತೆಯನ್ನು ಹೋಗಲಾಡಿಸುವ ಔಷಧಿಯಿಲ್ಲ. ಹಾಗೆಂದು ಭರವಸೆ ನೀಡುವವರಿಗೆ ಹಣ ಕೊಟ್ಟು ಮೋಸಹೋಗಬೇಡಿರಿ. ಎಳವೆಯಲ್ಲಿ ತರಬೇತಿ ದೊರೆತರೆ ಅನೇಕ ಮಕ್ಕಳು ತಮ್ಮ ಬೇಕುಬೇಡಗಳನ್ನು ತಿಳಿಸಲು, ತಾವೇ ಉಣ್ಣಲು, ಉಡಲು, ಶಾಲೆಗೆ ಹೋಗಲು ಕಲಿಯುತ್ತಾರೆ. “ಇವನ ತಂದೆಗೂ ಮಾತು ತಡವಾಗಿಯೇ ಬಂದಿತ್ತು” ಎಂದು ಹಿರಿಯರು ಸಮಾಧಾನ ಹೇಳಿದರೂ ಕಾಯುತ್ತ ಕೂಡಬೇಡಿರಿ. ಇಂದೇ ಮಗುವನ್ನು ಪರೀಕ್ಷೆಗೆ ಕರೆತನ್ನಿರಿ.